ಗೆಳೆಯರು ಸೇರಿ ಗೇಮ್ ಸ್ಟುಡಿಯೊ: ಕಂಪನಿ ಮೊದಲೋ, ಕರಾರು ಮೊದಲೋ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನ ಮೂವರು ಗೆಳೆಯರು. ಇಬ್ಬರು ಕೋಡ್ ಬರೀತೀವಿ, ಒಬ್ಬಳು ಚಿತ್ರ ಮಾಡ್ತಾಳೆ. ಐಟಿ ಕೆಲಸ ಮುಗಿಸಿ ಸಂಜೆ ಹೊತ್ತು ಗೊಡೋ ಅನ್ನೋ ಗೇಮ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಒಂದು ಪಜಲ್ ಗೇಮ್ ಮಾಡ್ತಿದ್ದೀವಿ, ಅರ್ಧ ಮುಗಿದಿದೆ. ಸಂಗೀತ ಪರಿಚಯದ ಹುಡುಗನದು. ಹದಿನೈದು ಸಾವಿರ ಯುಪಿಐನಲ್ಲಿ ಕಳಿಸಿದ್ದೀವಿ. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಿಡಬೇಕು ಅಂತ ಆಸೆ. ಈಗಲೇ ಪ್ರೈವೇಟ್ ಲಿಮಿಟೆಡ್ ಮಾಡಿಸಬೇಕಾ?

ಉತ್ತರ: ಮೊದಲು ಆ ಹದಿನೈದು ಸಾವಿರದ ವಿಚಾರ. ದುಡ್ಡು ಕೊಟ್ಟ ಮಾತ್ರಕ್ಕೆ ಸಂಗೀತ ನಿಮ್ಮದಾಗಲ್ಲ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ (1957) ಪ್ರಕಾರ ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಸಾಮಾನ್ಯವಾಗಿ ಮಾಲೀಕನದು. ಹೊರಗಿನವರಿಂದ ಮಾಡಿಸಿದ ಸಂಗೀತದ ಹಕ್ಕು ಸಂಗೀತಗಾರನ ಹತ್ತಿರವೇ ಉಳಿಯುತ್ತೆ, ಅವನು ಬರಹದಲ್ಲಿ ಸಹಿ ಹಾಕಿ ವರ್ಗಾಯಿಸುವವರೆಗೆ. ಕರಾರು ಬರೆಸಿದರೂ ಸಾಲದು, 19ನೇ ಸೆಕ್ಷನ್ ಓದಿಕೊಳ್ಳಿ. ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಜಗತ್ತಿಗೆಲ್ಲ ಮಾರುವ ಗೇಮ್‌ಗೆ ಇದು ದೊಡ್ಡ ಕುತ್ತು. ಹುಡುಗ ಇನ್ನೂ ಸ್ನೇಹದಲ್ಲಿರುವಾಗಲೇ ವಕೀಲರಿಂದ ಎರಡು ಪುಟ ಬರೆಸಿ, ಅವನಿಗೆ ಓದಿ ಹೇಳಿ, ಸಹಿ ಮಾಡಿಸಿ. ಗೇಮ್ ಚೆನ್ನಾಗಿ ಹೋದರೆ ಅವನಿಗೂ ಪಾಲು ಅಂತ ಬರೆದರೆ ನನಗೆ ಇನ್ನೂ ಖುಷಿ.

ನೀವು ಮೂವರಿಗೂ ಇದೇ ಮಾತು. ಚಿತ್ರ ಅವಳದು, ಕೋಡ್ ನಿಮ್ಮಿಬ್ಬರದು. ಒಬ್ಬರು ಮಧ್ಯದಲ್ಲಿ ಬಿಟ್ಟುಹೋದರೆ ಅವರ ಪಾಲು ಎಷ್ಟು, ಗೇಮ್ ಯಾರ ಕೈಲಿ ಉಳಿಯುತ್ತೆ ಅನ್ನೋದನ್ನ ಬರೆದಿಡಿ. ನಿಮ್ಮ ಆಫೀಸಿನ ನೇಮಕಾತಿ ಪತ್ರಗಳನ್ನೂ ತೆಗೆದು ನೋಡಿ. ನೌಕರ ಬಿಡುವಿನಲ್ಲಿ ಮಾಡಿದ್ದೂ ಕಂಪನಿಯದೇ ಅನ್ನೋ ಷರತ್ತು ಐಟಿಯಲ್ಲಿ ಅಪರೂಪವೇನಲ್ಲ. ಹಾಗಿದ್ದರೆ ಲಿಖಿತ ಅನುಮತಿ ತಗೊಳ್ಳಿ.

ಇನ್ನು ಕಂಪನಿ. ಹೊರಗಿನ ಹೂಡಿಕೆ ಬೇಡ ಅಂದರೆ ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ನೋಂದಾಯಿತ ಪಾಲುದಾರಿಕೆ) ಸಾಕು ಅಂತ ನನ್ನ ಅಭಿಪ್ರಾಯ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟುವವರೆಗೆ ಎಲ್‌ಎಲ್‌ಪಿ ಕಾಯ್ದೆಯಡಿ ಆಡಿಟ್ ಕಡ್ಡಾಯವಲ್ಲ. ಪ್ರೈವೇಟ್ ಲಿಮಿಟೆಡ್‌ಗೆ ಒಂದು ರೂಪಾಯಿ ಮಾರಾಟ ಇಲ್ಲದಿದ್ದರೂ ವರ್ಷವರ್ಷ ಆಡಿಟ್ ಆಗಲೇಬೇಕು. ಸ್ಟೀಮ್ ಖಾತೆಯನ್ನು ಮಾತ್ರ ಸಂಸ್ಥೆಯ ಹೆಸರಲ್ಲೇ ತೆರೆಯಿರಿ. ಒಬ್ಬರ ಹೆಸರಲ್ಲಿದ್ದರೆ ಅಷ್ಟೂ ಆದಾಯ ಅವರ ತೆರಿಗೆ ಲೆಕ್ಕಕ್ಕೆ ಬೀಳುತ್ತೆ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ, ಹುಡುಗನಿಗೆ ಇವತ್ತೇ ಫೋನ್ ಮಾಡ್ತೀವಿ. ಸ್ಟೀಮ್‌ಗೆ ಎಷ್ಟು ಖರ್ಚು? ನಮ್ಮ ಗೇಮ್ ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ, ತೊಂದರೆ ಇದೆಯಾ?

ಉತ್ತರ: ಒಂದು ಗೇಮ್‌ಗೆ 100 ಡಾಲರ್. ಮಾರಾಟ 1,000 ಡಾಲರ್ ದಾಟಿದರೆ ಅದು ವಾಪಸ್ ಬರುತ್ತೆ. ಮಾರಾಟದಲ್ಲಿ ಸ್ಟೀಮ್ ಪಾಲು ಶೇ 30. ಅಮೆರಿಕದಲ್ಲಿ ಮಾರಿದ್ದರ ಮೇಲೆ ಅಲ್ಲಿನ ತೆರಿಗೆ ಶೇ 30 ಮುರಿದುಕೊಳ್ಳುತ್ತಾರೆ. ತೆರಿಗೆ ಪ್ರಶ್ನಾವಳಿಯಲ್ಲಿ ಪ್ಯಾನ್ ಕೊಟ್ಟು ಭಾರತ–ಅಮೆರಿಕ ಒಪ್ಪಂದದ ಅನುಕೂಲ ಕೇಳಿದರೆ ಅದು ಶೇ 15ಕ್ಕೆ ಇಳಿಯುತ್ತೆ.

ಒಂದೂವರೆ ಗಂಟೆ ಅಂದರೆ ಯೋಚಿಸಬೇಕು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದವರು ಕೇಳಿದರೆ ಸ್ಟೀಮ್ ಹಣ ಮರಳಿಸುತ್ತೆ. ಪೂರ್ತಿ ಮುಗಿಸಿದವರಿಗೂ ಆ ದಾರಿ ತೆರೆದಿರುತ್ತೆ. ಹಾಗಂತ ಗೇಮನ್ನು ಸುಮ್ಮನೆ ಎಳೆದು ಉದ್ದ ಮಾಡಬೇಡಿ, ಆಡುವವರಿಗೆ ಗೊತ್ತಾಗುತ್ತೆ. ಬೆಲೆ ಕಡಿಮೆ ಇಡಿ, ಸ್ಟೀಮ್‌ನ ನಿಮ್ಮ ಪುಟದಲ್ಲೇ ಗೇಮ್ ಚಿಕ್ಕದು ಅಂತ ಹೇಳಿಬಿಡಿ.

ಪುಟ ಬಿಡುಗಡೆಗೆ ಎರಡು ವಾರ ಮೊದಲಾದರೂ ಕಾಣಿಸಿಕೊಳ್ಳಬೇಕು ಅನ್ನೋದು ಸ್ಟೀಮ್ ನಿಯಮ. ನಾನು ಹೇಳೋದು ಆರು ತಿಂಗಳು. ವಿಶ್‌ಲಿಸ್ಟ್‌ಗೆ, ಅಂದರೆ ಮುಂದೆ ಕೊಳ್ಳೋಣ ಅನ್ನೋ ಪಟ್ಟಿಗೆ, ಹಾಕಿಕೊಂಡವರಿಗೆ ಬಿಡುಗಡೆಯ ದಿನ ಮೇಲ್ ಹೋಗುತ್ತೆ, ಅವರೇ ನಿಮ್ಮ ಮೊದಲ ಗಿರಾಕಿಗಳು. ಬರಲಿರುವ ಗೇಮ್‌ಗಳ ಡೆಮೊ ತೋರಿಸುವ ಸ್ಟೀಮ್‌ನ ಹಬ್ಬ ನೆಕ್ಸ್ಟ್ ಫೆಸ್ಟ್‌ಗೆ ಒಂದು ಗೇಮ್ ಒಂದೇ ಸಲ ಹೋಗಬಹುದು, ಆದ್ದರಿಂದ ಡೆಮೊ ಪಕ್ಕಾ ಆದಮೇಲೆ ಕಳಿಸಿ.