ಮಣ್ಣಿಲ್ಲದೆ ಮೈಕ್ರೋಗ್ರೀನ್ಸ್: ಮೆಂತ್ಯ ಬರುತ್ತೆ, ಸಾಸಿವೆ ನಾಲ್ಕನೇ ದಿನ ಮಲಗುತ್ತೆ. ಎಲ್ಲಿ ತಪ್ಪು?

ಮೂರನೇ_ಮಹಡಿ (ಪ್ರಶ್ನೆ)

ಫ್ಲ್ಯಾಟ್ ಒಳಗೆ ಮಣ್ಣೂ ಬೇಡ, ಕೊಕೊಪೀಟೂ ಬೇಡ ಅಂತ ಟಿಶ್ಯೂ ಮೇಲೆ ಮೈಕ್ರೋಗ್ರೀನ್ಸ್ (ಬೀಜ ಮೊಳೆತು ಎಲೆ ಬಿಚ್ಚಿದ ಕೂಡಲೇ ಕತ್ತರಿಸಿ ತಿನ್ನೋ ಎಳೆ ಸಸಿ) ಬೆಳೆಯೋ ಪ್ರಯತ್ನ. ಸಾಸಿವೆ ಎರಡು ಸಲವೂ ಕೆಟ್ಟಿದೆ. ವಿವರ ಕೊಡ್ತೀನಿ, ಎಲ್ಲಿ ಎಡವಿದೆ ಹೇಳಿ.

ಡಬ್ಬಿ 15 × 20 ಸೆಂ.ಮೀ., ಊಟದ ಪಾರ್ಸೆಲ್ ಬಂದಿದ್ದು, ತಳದಲ್ಲಿ ತೂತಿಲ್ಲ. ಒಳಗೆ ಕಿಚನ್ ಟವೆಲ್ ನಾಲ್ಕು ಪದರ. ಅಂಗಡಿ ಸಾಸಿವೆ 2 ಟೇಬಲ್ ಚಮಚ, ರಾತ್ರಿಯಿಡೀ ನೆನೆಸಿದ್ದು. ಮುಚ್ಚಳ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದೆ. ದಿನಕ್ಕೆ ನಾಲ್ಕೈದು ಸಲ ಸ್ಪ್ರೇ. ಮೂರನೇ ದಿನ ಬೇರಿನ ಸುತ್ತ ಬಿಳಿ ಬೂಷ್ಟು, ನಾಲ್ಕನೇ ದಿನ ಒಂದು ಮೂಲೆಯಿಂದ ಶುರುವಾಗಿ ಎಲ್ಲ ಮಲಗಿತು. ಹುಳಿ ವಾಸನೆ ಬೇರೆ.

ಮೆಂತ್ಯ ಬರುತ್ತೆ, ಆದರೆ ಸಿಪ್ಪೆ ಎಲೆಗೇ ಅಂಟಿಕೊಂಡಿರುತ್ತೆ. ಬಾಯಿಗೆ ಸಿಗುತ್ತೆ.

ತಾರಸಿತೋಟ

ನಿಮ್ಮ ತಪ್ಪು ಬಹುಪಾಲು ಚಮಚದಲ್ಲಿದೆ. ಒಂದು ಟೇಬಲ್ ಚಮಚ ಸಾಸಿವೆ ಹತ್ತು ಗ್ರಾಂ ಮೇಲೆ ತೂಗುತ್ತೆ. ಎರಡು ಅಂದ್ರೆ ಇಪ್ಪತ್ತು ಗ್ರಾಂ ದಾಟಿತು. ನಿಮ್ಮ ಡಬ್ಬಿ 300 ಚದರ ಸೆಂ.ಮೀ.; ಸಾಸಿವೆಗೆ 100 ಚದರ ಸೆಂ.ಮೀ.ಗೆ 1 ಗ್ರಾಂ ಲೆಕ್ಕ, ಅಂದ್ರೆ 3 ಗ್ರಾಂ ಸಾಕು. ಟೀ ಚಮಚದಲ್ಲಿ ಅಳೆದು ಬೆರಳಿಂದ ತಲೆ ಸವರಿದರೆ ಹೆಚ್ಚುಕಮ್ಮಿ ಅಷ್ಟೇ. ನೀವು ಹಾಕಿರೋದು ಏಳು ಪಟ್ಟು. ತೂಕದ ಯಂತ್ರ ಇಲ್ಲದಿದ್ರೆ ಹೆಬ್ಬೆರಳ ಉಗುರನ್ನು ಹಾಸಿನ ಮೇಲಿಟ್ಟು ನೋಡಿ: ಉಗುರಿನಷ್ಟು ಜಾಗದಲ್ಲಿ ಆರೇಳು ಕಾಳು ಇರಬೇಕು. ಕಾಳಿನ ಮೇಲೆ ಕಾಳು ಎಲ್ಲೂ ಕೂರಬಾರದು. ಕೂತರೆ ಅಡಿಯ ಕಾಳಿಗೆ ಗಾಳಿ ಸಿಗದೆ ಕೊಳೆಯುತ್ತೆ, ಹುಳಿ ವಾಸನೆ ಅಲ್ಲಿಂದ ಬರೋದು.

ಎರಡನೇದು, ಸಾಸಿವೆ ನೆನೆಸಬೇಕಿಲ್ಲ. ನೆನೆಸಿದ್ರೆ ಲೋಳೆ ಬಿಟ್ಟು ಗುಂಪುಗುಂಪಾಗಿ ಅಂಟಿಕೊಳ್ಳುತ್ತೆ, ಸಮವಾಗಿ ಹರಡಲು ಆಗಲ್ಲ. ಒಣಗಿದ್ದನ್ನೇ ಒದ್ದೆ ಹಾಸಿನ ಮೇಲೆ ಉದುರಿಸಿ. ಅಗಸೆ, ಕಾಮಕಸ್ತೂರಿಗೂ ಇದೇ ನಿಯಮ.

ಈಗ ಬೂಷ್ಟಿನ ವಿಷಯ. ಮೂರನೇ ದಿನ ಕಂಡಿದ್ದು ಬೂಷ್ಟೇ ಆಗಿರಬೇಕಿಲ್ಲ. ಸಾಸಿವೆ, ಮೂಲಂಗಿಯ ಎಳೆ ಬೇರಿಗೆ ಸುತ್ತಲೂ ಹತ್ತಿಯಂಥ ಬೇರುಗೂದಲು ಬರುತ್ತೆ, ಹಾಸು ಸ್ವಲ್ಪ ಒಣಗಿದಾಗಂತೂ ಎದ್ದು ಕಾಣುತ್ತೆ. ಮೇಲೆ ಒಂದೆರಡು ಸಲ ಸ್ಪ್ರೇ ಮಾಡಿ. ಗೂದಲಾದ್ರೆ ಬೇರಿಗೆ ಅಂಟಿ ಕಾಣದಾಗುತ್ತೆ, ಅರ್ಧ ಗಂಟೆ ಬಿಟ್ಟು ಮತ್ತೆ ಕಾಣುತ್ತೆ. ಬೂಷ್ಟಾದ್ರೆ ನೀರು ಬಿದ್ದರೂ ಹೋಗಲ್ಲ. ಅದು ಜೇಡರ ಬಲೆ ಥರ ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ಬಿರುತ್ತೆ, ಕಾಂಡದ ಮೇಲೂ ಹತ್ತುತ್ತೆ. ಗೂದಲನ್ನ ಬೂಷ್ಟು ಅಂದುಕೊಂಡು ಒಳ್ಳೆ ಟ್ರೇ ಎಸೆಯೋರೇ ಜಾಸ್ತಿ.

ಮಲಗೋದಕ್ಕೂ ಎರಡು ಕಾರಣ ಇದೆ, ಎರಡಕ್ಕೂ ಮದ್ದು ತದ್ವಿರುದ್ಧ. ಒಂದು ಗಿಡ ಕಿತ್ತು ಬುಡ ನೋಡಿ. ಬುಡ ಬೆಳ್ಳಗೆ ಗಟ್ಟಿಯಾಗಿದ್ದು ಎಲೆ ಮಾತ್ರ ಜೋತಿದ್ರೆ ಅದು ಬಾಯಾರಿಕೆ. ಅಡಿಯಿಂದ ನೀರು ಕೊಟ್ಟರೆ ಎರಡು ಮೂರು ಗಂಟೆಯಲ್ಲಿ ಎದ್ದು ನಿಲ್ಲುತ್ತೆ. ಬುಡ ನೂಲಿನಷ್ಟು ಸಣ್ಣಗಾಗಿ, ಕಂದು ಬಣ್ಣಕ್ಕೆ ತಿರುಗಿ, ಚಿವುಟಿದ್ರೆ ಪಿಚಕ್ ಅಂದ್ರೆ ಅದು ಬುಡ ಕೊಳೆತ. ಟೊಮೆಟೊ ಸಸಿಮಡಿಯಲ್ಲಿ ಬರೋ ಸಸಿ ಸಾಯುವ ರೋಗವೇ ಇದು. ಪಿಥಿಯಂ, ರೈಜೋಕ್ಟೋನಿಯಾ ಅನ್ನೋ ರೋಗಾಣುಗಳ ಕೆಲಸ. ಒಂದು ಮೂಲೆಯಿಂದ ಹಬ್ಬಿತು, ವಾಸನೆ ಬಂತು ಅಂದಿದ್ದೀರಿ, ನಿಮ್ಮದು ಇದೇ. ಇದಕ್ಕೆ ಔಷಧಿ ಹುಡುಕಬೇಡಿ. ತಿನ್ನೋ ಎಲೆ, ಎಂಟು ದಿನದ ಬೆಳೆ. ಆ ಡಬ್ಬಿ ಖಾಲಿ ಮಾಡಿ, ಸೋಪಿನಲ್ಲಿ ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ ಮತ್ತೆ ಶುರು ಮಾಡಿ.

ವಿಧಾನ ಹೀಗೆ. ಒಂದರೊಳಗೊಂದು ಕೂರೋ ಎರಡು ಡಬ್ಬಿ ತಗೊಳ್ಳಿ. ಒಳಗಿನದರ ತಳಕ್ಕೆ ಕಾಯಿಸಿದ ದಬ್ಬಳದಿಂದ 25–30 ತೂತು. ಅದರಲ್ಲಿ ಕಿಚನ್ ಟವೆಲ್ ನಾಲ್ಕು ಪದರ ಹಾಸಿ, ಪೂರ್ತಿ ಒದ್ದೆ ಮಾಡಿ, ಓರೆ ಹಿಡಿದು ನೀರು ಬಸಿಯಿರಿ. ಮೂಲೆಯಲ್ಲಿ ನೀರು ನಿಲ್ಲಬಾರದು, ಬೆರಳಿಟ್ಟರೆ ಬೆರಳು ಒದ್ದೆಯಾಗಬೇಕು, ಅಷ್ಟೇ. ಬೀಜ ಉದುರಿಸಿ, ಒಂದು ಸಲ ಸ್ಪ್ರೇ, ಮೇಲೆ ಇನ್ನೊಂದು ಡಬ್ಬಿ ಬೋರಲು. ಬಿಗಿ ಮುಚ್ಚಳ ಬೇಡ. ಎರಡು ದಿನ ಕತ್ತಲು, ಬೆಳಿಗ್ಗೆ ಸಂಜೆ ಒಂದೊಂದು ಸ್ಪ್ರೇ. ಮೊಳಕೆ 2 ಸೆಂ.ಮೀ. ಆದ ಮೇಲೆ ಬೆಳಕಿಗೆ ತನ್ನಿ, ಆವತ್ತಿಂದ ಸ್ಪ್ರೇ ಬಾಟಲಿ ಎತ್ತಿಡಿ. ಹೊರ ಡಬ್ಬಿಗೆ ಅರ್ಧ ಸೆಂ.ಮೀ. ನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನ ಚೆಲ್ಲಿ. ಚೆಲ್ಲೋದು ಮರೆತರೆ ಎಲ್ಲ ಮರೆತ ಹಾಗೆ! ಸಾಮಾನ್ಯವಾಗಿ ದಿನಕ್ಕೊಂದು ಸಲ, ಮಾರ್ಚ್–ಏಪ್ರಿಲ್‌ನಲ್ಲಿ ಎರಡು ಸಲ. 7ರಿಂದ 9 ದಿನಕ್ಕೆ ಕೊಯ್ಲು.

ಧಾರವಾಡ_ಹಿತ್ತಲ

ಮ್ಯಾಲಿನವರು ಹೇಳಿದ್ದು ಖರೇ ಅದ. ಆದ್ರ ಟಿಶ್ಯೂ ಬಗ್ಗೆ ನಂದೊಂದು ತಕರಾರು. ಬ್ಯಾಸಗಿಯೊಳಗ ನಾಲ್ಕು ಪದರ ಟಿಶ್ಯೂ ಮಧ್ಯಾಹ್ನದಷ್ಟೊತ್ತಿಗೆ ಒಣಗಿ ಹಪ್ಪಳ ಆಗ್ತದ. ಮುಂಜಾನೆ ನೀರು ಕೊಟ್ಟು ಆಫೀಸಿಗೆ ಹೋಗುವವರಿಗೆ ಇದು ನಡಿಯಂಗಿಲ್ಲ. ಹಳೆ ಧೋತರದ ಅರಿವಿ ಎರಡು ಮಡಿಕಿ ಹಾಕ್ರಿ, ಅದರ ಅಡಿಗೆ ಟಿಶ್ಯೂ ಇರ್ಲಿ. ಬೇರು ಅರಿವಿಯ ನೂಲಿನೊಳಗ ಹಾಯ್ದು ಗಟ್ಟಿ ಹಿಡಿತದ, ಗಿಡ ನೆಟ್ಟಗ ನಿಲ್ತದ. ಗೋಣಿಚೀಲದ ತುಂಡು ಇದ್ರ ಇನ್ನೂ ಚಲೋ, ಆದ್ರ ಮೊದಲು ಹತ್ತು ನಿಮಿಷ ನೀರಾಗ ಕುದಿಸಿ ಹಿಂಡಿಕೊಳ್ರಿ. ಗೊಬ್ಬರದ ಚೀಲ, ಔಷಧಿ ಸೋಂಕಿದ ಚೀಲ ಮುಟ್ಟಬ್ಯಾಡ್ರಿ. ಒಮ್ಮೆ ಬೆಳೆದ ಅರಿವಿಯಿಂದ ಬೇರು ಪೂರ್ತಿ ಬಿಡಿಸಲಿಕ್ಕೆ ಆಗಂಗಿಲ್ಲ, ಅದು ಕಾಂಪೋಸ್ಟಿಗೆ.

ಬಣ್ಣ ಹಚ್ಚಿದ, ವಾಸನಿ ಹಾಕಿದ ಟಿಶ್ಯೂ ಬ್ಯಾಡ. ಟಾಯ್ಲೆಟ್ ಟಿಶ್ಯೂ ಕರಗಿ ಗಂಜಿ ಆಗ್ತದ. ಪೇಪರ್ ಹಾಸೂದು ಸೈತ ಬ್ಯಾಡ, ಶಾಯಿ ಇರ್ತದ.

ಮೆಂತೆದ್ದು ಸರಳ ಅದ. 100 ಚದರ ಸೆಂ.ಮೀ.ಗೆ 3ರಿಂದ 4 ಗ್ರಾಂ, 6–8 ತಾಸು ನೆನಸಬೇಕು. ಸಿಪ್ಪಿ ಅಂಟೂದಕ್ಕ ಕಾರಣ, ಮೊಳಕಿ ಏಳುವಾಗ ಮ್ಯಾಲೆ ಭಾರ ಇಲ್ಲದ್ದು ಮತ್ತ ಸಿಪ್ಪಿ ಒಣಗಿದ್ದು. ಬೀಜ ಹಾಕಿದ ಮ್ಯಾಲೆ ಒದ್ದೆ ಅರಿವಿ ಹೊದಿಸಿ, ಅದರ ಮ್ಯಾಲೆ ಇನ್ನೊಂದು ಡಬ್ಬಿ, ಅದರಾಗ ಅರ್ಧ ಲೀಟರ್ ನೀರಿನ ಬಾಟಲಿ ಇಡ್ರಿ, ಎರಡು ದಿನ. ಮೊಳಕಿ ಭಾರ ನೂಕಿಕೊಂಡು ಏಳುವಾಗ ಸಿಪ್ಪಿ ತಾನಾಗಿ ಕಳಚತದ. ಉಳಿದದ್ದು ಕೊಯ್ಯೂ ದಿನ ಮುಂಜಾನೆ ಒಂದು ಸ್ಪ್ರೇ ಹೊಡೆದು, ಐದು ನಿಮಿಷ ಬಿಟ್ಟು ಅಂಗೈಯಿಂದ ಹಗೂರಕ ಸವರಿದ್ರ ಉದುರ್ತದ. ಮೆಂತೆ 8–10 ದಿನಕ್ಕ ಕೊಯ್ರಿ. ಎರಡು ಬೀಜದಳದ ನಡುವ ದುಂಡಗಿನ ಮೊದಲ ಎಲಿ ಬಿಚ್ಚಿತಂದ್ರ ದಂಟು ನಾರಾಗಿ ಕಹಿ ಹೆಚ್ಚಾಗ್ತದ.

ಮೂರನೇ_ಮಹಡಿ

ಇಬ್ಬರಿಗೂ ಧನ್ಯವಾದ. ಇನ್ನೂ ಮೂರು ಪ್ರಶ್ನೆ. ಬಟಾಣಿ, ಸೂರ್ಯಕಾಂತಿ ಟಿಶ್ಯೂ ಮೇಲೆ ಬರುತ್ತಾ? ನಮ್ಮದು ಬೋರ್‌ವೆಲ್ ನೀರು, ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಹಾಕಿದ್ದಾರೆ, ಪರವಾಗಿಲ್ವಾ? ಮಣ್ಣೇ ಇಲ್ಲ ಅಂದ ಮೇಲೆ ಗೊಬ್ಬರ ಏನಾದ್ರೂ ನೀರಿಗೆ ಬೆರೆಸಬೇಕಾ?

ತಾರಸಿತೋಟ

ಗೊಬ್ಬರ ಬೇಡ. ಬೀಜದಳ ಹಂತಕ್ಕೆ ಬೇಕಾದ ಬುತ್ತಿ ಬೀಜದಲ್ಲೇ ಇದೆ. ಎಲೆ ಹಳದಿ ಇದ್ದರೆ ಬೆಳಕು ಸಾಲದು ಅಂತ ಅರ್ಥ. ಪೂರ್ವದ ಕಿಟಕಿಯ ಪಕ್ಕ ನಾಲ್ಕೈದು ಗಂಟೆ ಬೆಳಕು ಸಾಕು. ಕಿಟಕಿ ಇಲ್ಲದಿದ್ರೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬು, ಎಲೆಯಿಂದ 15–20 ಸೆಂ.ಮೀ. ಮೇಲೆ, ದಿನಕ್ಕೆ 12–14 ಗಂಟೆ.

ಸಾಫ್ಟ್‌ನರ್ ನೀರು ಬೇಡ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ. ನೀರು ಮೆದುವಾಗುತ್ತೆ ನಿಜ, ಉಪ್ಪು ಕಡಿಮೆಯಾಗಲ್ಲ. ಟಿಶ್ಯೂ ತೆಳು ಹಾಸು. ನೀರು ಆವಿಯಾಗಿ ಉಪ್ಪು ಅಲ್ಲೇ ಉಳಿದು ಬೇರಿನ ತುದಿ ಸುಡುತ್ತೆ. ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಇದೇ ಗುರುತು. ಇದೇ ಕಾರಣಕ್ಕೆ ಆರ್‌ಓ ಯಂತ್ರ ಹೊರಗೆ ಬಿಡೋ ನೀರೂ ಬೇಡ. ಕುಡಿಯೋ ನೀರೇ ಕೊಡಿ, ದಿನಕ್ಕೆ ಒಂದು ಲೋಟದ ಮಾತು ಅದು. ಕಾವೇರಿ ನಲ್ಲಿ ನೀರಿನ ಕ್ಲೋರಿನ್‌ಗೆ ಹೆದರಬೇಕಿಲ್ಲ.

ಬಟಾಣಿ ಬರುತ್ತೆ. 100 ಚದರ ಸೆಂ.ಮೀ.ಗೆ 16–18 ಗ್ರಾಂ, 8–12 ಗಂಟೆ ನೆನೆಸಿ, ಕೊಯ್ಲಿಗೆ 10–12 ದಿನ. ಆದ್ರೆ ಅಂಗಡಿಯ ಒಣ ಹಸಿರು ಬಟಾಣಿಗೆ ಬಣ್ಣ ಹಾಕಿರೋದುಂಟು. ಹತ್ತು ಕಾಳು ಬಿಸಿನೀರಲ್ಲಿ ಹಾಕಿ ನೋಡಿ, ನೀರು ಹಸಿರಾದ್ರೆ ಬೇಡ. ಬಿಳಿ ಬಟಾಣಿ ವಾಸಿ. ಕೆಳಗಿನ ಗಿಣ್ಣು ಬಿಟ್ಟು ಮೇಲೆ ಕತ್ತರಿಸಿದ್ರೆ ಇನ್ನೊಮ್ಮೆ ಚಿಗುರುತ್ತೆ. ಸಾಸಿವೆ, ಮೂಲಂಗಿ ಚಿಗುರಲ್ಲ.

ಸೂರ್ಯಕಾಂತಿ ಟಿಶ್ಯೂ ಮೇಲೆ ನಿರಾಸೆ. ಹೊಟ್ಟು ಗಟ್ಟಿ, ಮೇಲೆ ಒಂದೆರಡು ಕಿಲೋ ಭಾರ ಬೇಕು, ಆ ಭಾರಕ್ಕೆ ತೆಳು ಹಾಸಿನಲ್ಲಿ ಬೇರು ಒಳಹೋಗದೆ ಪಕ್ಕಕ್ಕೆ ಓಡುತ್ತೆ. ಅದೊಂದಕ್ಕೆ 2–3 ಸೆಂ.ಮೀ. ಕೊಕೊಪೀಟ್ ಹಾಕೋದೇ ಸರಿ. ಅದೂ ಮಣ್ಣಲ್ಲ, ತೆಂಗಿನ ನಾರಿನ ಪುಡಿ, ಮನೆ ಗಲೀಜಾಗಲ್ಲ. ಉಪ್ಪು ಹೋಗೋ ಹಾಗೆ ಎರಡು ಸಲ ತೊಳೆದು ಹಿಂಡಿ ಬಳಸಿ. ಕೊತ್ತಂಬರಿಯೂ ಅಷ್ಟೇ: ಕಾಳು ಒಡೆದು ಎರಡು ಹೋಳು ಮಾಡಿ ಹಾಕಬೇಕು, 15–20 ದಿನ ಕಾಯಬೇಕು, ಅಷ್ಟು ದಿನ ಟಿಶ್ಯೂ ತಡೆಯಲ್ಲ.

ಬೀಜಪರೀಕ್ಷೆ

ಬೀಜದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹೊಸ ಪೊಟ್ಟಣ ತಂದಾಗ 50 ಕಾಳು ಎಣಿಸಿ ಒದ್ದೆ ಟಿಶ್ಯೂವಿನಲ್ಲಿ ಸುತ್ತಿಡಿ. ಮೂರು ದಿನದಲ್ಲಿ ಕನಿಷ್ಠ 40 ಕಾಳಾದರೂ ಮೊಳೆಯದಿದ್ದರೆ ಆ ಬೀಜವನ್ನು ಒಗ್ಗರಣೆಗೆ ಬಳಸಿ. ಮೊಳೆಯದ ಬೀಜವೇ ಬೂಷ್ಟಿಗೆ ಮೊದಲ ಆಹಾರ.

ಬಿತ್ತನೆ ಬೀಜದಂಗಡಿಯಿಂದ ತರುವುದಾದರೆ ಪೊಟ್ಟಣದ ಹಿಂಬದಿ ಓದಿ. ಗುಲಾಬಿ, ನೀಲಿ ಬಣ್ಣ ಬಳಿದ ಬೀಜಕ್ಕೆ ಥೀರಂ, ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಹೊಲಕ್ಕೆ ಅದು ಸರಿ, ಎಂಟು ದಿನದಲ್ಲಿ ತಿನ್ನುವುದಕ್ಕೆ ಅಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿಯ ಎಳೆ ಸಸಿಗಳನ್ನು ತಿನ್ನಬೇಡಿ, ಅವುಗಳಲ್ಲಿ ವಿಷಕಾರಿ ಆಲ್ಕಲಾಯ್ಡ್ ಇರುತ್ತದೆ. ರಾಜ್ಮಾ ಕೂಡ ಬೇಡ. ಹಸಿ ರಾಜ್ಮಾದ ಲೆಕ್ಟಿನ್ ವಾಂತಿ ಭೇದಿ ತರಿಸುತ್ತದೆ.

ಮೊಳಕೆ ಕಾಳಿಗೂ ಮೈಕ್ರೋಗ್ರೀನ್ಸ್‌ಗೂ ವ್ಯತ್ಯಾಸ ತಿಳಿದಿರಲಿ. ಮೊಳಕೆಯನ್ನು ಬೇರು, ಬೀಜ ಸಮೇತ ತಿನ್ನುತ್ತೇವೆ. ಮೈಕ್ರೋಗ್ರೀನ್ಸನ್ನು ಹಾಸಿನ ಮೇಲೆ ಒಂದು ಸೆಂ.ಮೀ. ಬಿಟ್ಟು ಕತ್ತರಿಸುತ್ತೇವೆ, ಹಾಗಾಗಿ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇ. ಕೋಲೈ ಸೋಂಕಿನ ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೆಂತ್ಯದ ಮೊಳಕೆ. ಬೀಜದ ಮೇಲೇ ಸೋಂಕು ಇರಬಹುದು. ಹಸಿಯಾಗಿ ತಿನ್ನುವುದಾದರೆ ಬೀಜವನ್ನು 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತು ನಿಮಿಷ ಇಟ್ಟು ಮೂರು ನೀರಿನಲ್ಲಿ ತೊಳೆಯಿರಿ. ಔಷಧಿ ಅಂಗಡಿಯ ಬಾಟಲಿ 6% ಇದ್ದರೆ ಸಮ ನೀರು ಬೆರೆಸಿ. ಸೋಂಕು ಇದರಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಾಸಿವೆಗೆ ಇದನ್ನು ಮಾಡಿದರೆ ಲೋಳೆ ಬರುತ್ತದೆ, ಬೆರಳಿನಿಂದ ಬಿಡಿಸಿ ಹರಡಬೇಕು. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಹಸಿ ಬೇಡ, ಬೇಯಿಸಿಯೇ ಕೊಡಿ.

ಇನ್ನು ಬೆಳೆದ ಸೊಪ್ಪಿಗಿಂತ ಮೈಕ್ರೋಗ್ರೀನ್ಸ್‌ನಲ್ಲಿ ‘40 ಪಟ್ಟು ಪೋಷಕಾಂಶ’ ಎಂದು ವಾಟ್ಸ್ಯಾಪಿನಲ್ಲಿ ಓಡಾಡುವ ಮಾತು. ಇದರ ಬೇರು 2012ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯ ಸಂಶೋಧಕರು 25 ಬಗೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿದೆ. ಅವರು ಅಳೆದದ್ದು ಕೆಲವು ವಿಟಮಿನ್ ಮತ್ತು ಕೆರೊಟಿನಾಯ್ಡ್‌ಗಳನ್ನು. ಬಗೆಯಿಂದ ಬಗೆಗೆ ಅಂಕಿ ಬಹಳ ಬದಲಾಗಿತ್ತು. ವಿಟಮಿನ್ ಸಿ ಕೆಂಪು ಎಲೆಕೋಸಿನಲ್ಲಿ ಹೆಚ್ಚಿದ್ದರೆ, ವಿಟಮಿನ್ ಕೆ ಕೆಂಪು ದಂಟಿನ ಬಗೆಯಲ್ಲಿ. ಎಲ್ಲದರಲ್ಲೂ ಎಲ್ಲವೂ 40 ಪಟ್ಟು ಎಂದು ಅವರು ಹೇಳಿಲ್ಲ. ಒಂದು ಹಿಡಿ ಎಲೆ ಒಂದು ಕಟ್ಟು ಸೊಪ್ಪಿನ ಸಾರಿಗೆ ಬದಲಿಯೂ ಅಲ್ಲ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ದಿನವೂ ಕೊಡುವ ಮೊದಲು ವೈದ್ಯರನ್ನು ಕೇಳಿ, ವಿಟಮಿನ್ ಕೆ ಆ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ.

ಧಾರವಾಡ_ಹಿತ್ತಲ

ಕೊಯ್ಯೂದು ಉಳೀತಲ್ಲ. ಕೊಯ್ಯೂಕಿಂತ 6–8 ತಾಸು ಮೊದಲು ನೀರು ನಿಲ್ಲಿಸ್ರಿ. ಹರಿತ ಕತ್ತರಿ ಬೇಕು. ಮೊಂಡು ಕತ್ತರಿ ದಂಟು ಜಜ್ಜತದ, ಜಜ್ಜಿದಲ್ಲಿಂದ ಕೊಳಿತದ. ತೊಳೀದ ಹಂಗ ಒಣ ಟಿಶ್ಯೂ ಹಾಸಿದ ಡಬ್ಬಿಯೊಳಗ ಹಾಕಿ ಫ್ರಿಜ್ಜಿನಾಗ ಇಟ್ರ ನಾಲ್ಕೈದು ದಿನ ಇರ್ತದ, ತಿನ್ನೂ ಮುಂದ ತೊಳೀರಿ. ಮಳಿಗಾಲದಾಗ ಬೂಸ್ಟು ಹೆಚ್ಚು, ಬೀಜ ಕಾಲು ಭಾಗ ಕಡಿಮಿ ಹಾಕಿ, ಸಣ್ಣ ಫ್ಯಾನ್ ದಿನಾ ಎರಡು ತಾಸು ಓಡಸ್ರಿ. ಗಾಳಿ ಎಲಿ ಅಲುಗಾಡುವಷ್ಟಿದ್ರ ಸಾಕು.

ಮೂರನೇ_ಮಹಡಿ

3 ಗ್ರಾಂ ತೂಗಿ ಸಾಸಿವೆ ಹಾಕಿದೆ. ಡಬ್ಬಿ ನೋಡಿದ್ರೆ ಖಾಲಿ ಖಾಲಿ ಅನ್ಸುತ್ತೆ. ಇನ್ನೊಂದು ಚಿಟಿಕೆ ಹಾಕಲಾ?

ತಾರಸಿತೋಟ

ಬೇಡ. ಐದನೇ ದಿನ ಎಲೆ ಬಿಚ್ಚಿದಾಗ ಟಿಶ್ಯೂ ಕಾಣಲ್ಲ.