ಪ್ರಶ್ನೋತ್ತರ: ಕರೆಂಟ್ ಚಿಕಿತ್ಸೆಯ ಬಾಯಿಹುಣ್ಣು ರೋಗನಿರೋಧಕ ಶಕ್ತಿ ಕುಂದಿದ್ದರಿಂದ ಬರುತ್ತದೆಯೇ?

ಪ್ರಶ್ನೆ: ನನ್ನ ತಂದೆಯವರಿಗೆ 58 ವರ್ಷ. ಬಲಗೆನ್ನೆಯ ಒಳಭಾಗದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ, ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಅಳತೆ) 30 ದಿನಗಳ ವಿಕಿರಣ ಚಿಕಿತ್ಸೆ (ನಮ್ಮ ಕಡೆ ಕರೆಂಟ್ ಇಡಿಸುವುದು ಎನ್ನುತ್ತಾರೆ) ನಡೆಯುತ್ತಿದ್ದು, 13 ದಿನಗಳು ಮುಗಿದಿವೆ. ಎರಡನೆಯ ವಾರದಲ್ಲಿ ಬಾಯಿಯ ಒಳಗೆಲ್ಲ ಕೆಂಪಾಯಿತು. ಈಗ ಕೆನ್ನೆಯಲ್ಲೂ ನಾಲಿಗೆಯ ಬದಿಯಲ್ಲೂ ಹುಣ್ಣಾಗಿ, ಮೇಲೆ ಬಿಳಿ-ಹಳದಿ ಪೊರೆ ಕಟ್ಟಿದೆ, ಅಂಬಲಿ ನುಂಗುವುದೂ ಕಷ್ಟವಾಗಿದೆ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ಸರಿಯಾಗಿಯೇ ಇವೆ. ಆದರೂ ನೆಂಟರೆಲ್ಲ ರೋಗನಿರೋಧಕ ಶಕ್ತಿ ಕುಸಿದಿದೆ, ಅಮೃತಬಳ್ಳಿಯ ಕಷಾಯ ಕೊಡಿ ಎನ್ನುತ್ತಿದ್ದಾರೆ. ಕೊಡಬಹುದೇ? ಆ ಪೊರೆ ಕೀವೇ?

ಉತ್ತರ (ವಿಕಿರಣ ಚಿಕಿತ್ಸಾ ತಜ್ಞೆ): ಬಿಳಿ ರಕ್ತಕಣಗಳು ಸರಿಯಾಗಿದ್ದೂ ಹುಣ್ಣು ಬಂದಿದೆ ಎಂದು ನೀವೇ ಬರೆದಿದ್ದೀರಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಈ ಹುಣ್ಣು ರಕ್ಷಣಾ ವ್ಯವಸ್ಥೆ ಮಲಗಿದ್ದರಿಂದ ಬರುವುದಲ್ಲ. ಅದು ಎಚ್ಚೆತ್ತು, ಒಂದೇ ಜಾಗದಲ್ಲಿ ದಿನವೂ ಕೂಗೆಬ್ಬಿಸುವುದರಿಂದ ಹುಣ್ಣು ದೊಡ್ಡದಾಗುತ್ತದೆ.

ಬಾಯಿಯ ಒಳಪೊರೆಯ ತಳದಲ್ಲಿರುವ ಕೋಶಗಳು ಸದಾ ವಿಭಜನೆಗೊಂಡು, ಹೆಚ್ಚುಕಡಿಮೆ ಒಂದೆರಡು ವಾರಗಳಲ್ಲಿ ಮೇಲ್ಪದರವನ್ನು ಹೊಸದಾಗಿ ಕಟ್ಟುತ್ತಿರುತ್ತವೆ. ವಿಕಿರಣ ಈ ಕೋಶಗಳ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ಬಹಳ ವರ್ಷ ನಾವು ಇಷ್ಟನ್ನೇ ನಂಬಿದ್ದೆವು: ತಳದ ಕೋಶ ಸತ್ತಿತು, ಮೇಲಿನದು ಸವೆದು ಹೋಯಿತು, ಹುಣ್ಣಾಯಿತು. ಅಮೆರಿಕದ ಸಂಶೋಧಕ ಸ್ಟೀಫನ್ ಸೋನಿಸ್ ಅವರು 2004ರ ಹೊತ್ತಿಗೆ ಐದು ಹಂತಗಳ ವಿವರಣೆಯೊಂದನ್ನು ಮುಂದಿಟ್ಟ ಬಳಿಕ ಆ ಸರಳ ಚಿತ್ರ ಬದಲಾಯಿತು. ವಿಕಿರಣ ಬಿದ್ದ ಕೆಲವೇ ಕ್ಷಣಗಳಲ್ಲಿ, ಪೊರೆಯಲ್ಲಿ ಮಾತ್ರವಲ್ಲ, ಅದರ ಕೆಳಗಿನ ರಕ್ತನಾಳ ಮತ್ತು ಸಂಯೋಜಕ ಅಂಗಾಂಶದಲ್ಲಿಯೂ ಪ್ರಬಲ ಆಮ್ಲಜನಕ ಅಣುಗಳು ಹುಟ್ಟುತ್ತವೆ. ಗಾಯಗೊಂಡ ಕೋಶಗಳು ಅಪಾಯದ ಸಂಕೇತಗಳನ್ನು ಹೊರಚೆಲ್ಲುತ್ತವೆ. ಅವನ್ನು ಗುರುತಿಸಿದ ಕೋಶಗಳೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ಚು ಒತ್ತಿದಂತಾಗಿ, ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6 ಮೊದಲಾದ ಉರಿಯೂತದ ಪ್ರೋಟೀನುಗಳು ತಯಾರಾಗುತ್ತವೆ. ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ. ಹೀಗೆ ಹುಟ್ಟಿದ ಟಿಎನ್‌ಎಫ್ ಮರಳಿ ಬಂದು ಅದೇ ಸ್ವಿಚ್ಚನ್ನು ಒತ್ತುತ್ತದೆ, ಮತ್ತಷ್ಟು ಟಿಎನ್‌ಎಫ್ ಹುಟ್ಟುತ್ತದೆ. ಬೆಟ್ಟದ ನಡುವೆ ಒಮ್ಮೆ ಕೂಗಿದರೆ ಹತ್ತು ಕಡೆಯಿಂದ ಮಾರ್ದನಿ ಬರುವ ಹಾಗೆ. ಮೊದಲ ವಾರದಲ್ಲಿ ಬಾಯಿ ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಈ ಗದ್ದಲ ಆಗಲೇ ಒಳಗೆ ಶುರುವಾಗಿರುತ್ತದೆ. ಅದು ತಣಿಯುವ ಮೊದಲೇ ಮರುದಿನದ 2 ಗ್ರೇ ಬಂದು ಬೀಳುತ್ತದೆ. ಮೂರನೆಯ ವಾರದ ಸುಮಾರಿಗೆ ಒಳಪೊರೆ ಒಡೆಯುತ್ತದೆ; ನಿಮ್ಮ ತಂದೆಯವರು ಈಗಿರುವುದು ಅಲ್ಲಿ.

ಒಳಪೊರೆ ಒಡೆದ ಮೇಲೆ ಸೂಕ್ಷ್ಮಜೀವಿಗಳ ಪಾತ್ರ ಬರುತ್ತದೆ. ಬಾಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ಹುಣ್ಣಿನ ಮೇಲೆ ನೆಲೆಯೂರುತ್ತವೆ, ಅವುಗಳ ಕೋಶಭಿತ್ತಿಯ ಚೂರುಗಳು ಕೆಳಗಿರುವ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ, ಅವು ಇನ್ನಷ್ಟು ಟಿಎನ್‌ಎಫ್ ಬಿಡುಗಡೆ ಮಾಡುತ್ತವೆ. ಇದೇ ಹೊತ್ತಿಗೆ ಜೊಲ್ಲುಗ್ರಂಥಿಗಳೂ ವಿಕಿರಣಕ್ಕೆ ಸಿಕ್ಕಿ ಜೊಲ್ಲು ಕಡಿಮೆಯಾಗಿ ಅಂಟಂಟಾಗಿರುತ್ತದೆ. ಜೊಲ್ಲೆಂದರೆ ಬರಿಯ ನೀರಲ್ಲ, ಅದರಲ್ಲಿ ಐಜಿಎ ಪ್ರತಿಕಾಯ, ಲೈಸೋಜೈಮ್, ಲ್ಯಾಕ್ಟೋಫೆರಿನ್ ಮುಂತಾದ ರಕ್ಷಕಗಳಿರುತ್ತವೆ. ನಿರೋಧಕ ಶಕ್ತಿ ಕುಂದಿದೆ ಎಂಬ ನಿಮ್ಮ ನೆಂಟರ ಮಾತಿನಲ್ಲಿ ಸತ್ಯಾಂಶವಿದ್ದರೆ ಅದು ಇಲ್ಲಿ ಮಾತ್ರ: ದೇಹದ್ದಲ್ಲ, ಬಾಯಿಯ ಸ್ಥಳೀಯ ಕಾವಲು ಕುಂದಿದೆ.

ಆ ಬಿಳಿ-ಹಳದಿ ಪೊರೆ ಸಾಮಾನ್ಯವಾಗಿ ಕೀವಲ್ಲ. ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು), ಸತ್ತ ಕೋಶಗಳು ಮತ್ತು ಬ್ಯಾಕ್ಟೀರಿಯಾ ಸೇರಿ ಕಟ್ಟಿದ ಹೊದಿಕೆ. ಉಜ್ಜಿ ತೆಗೆಯಬೇಡಿ, ರಕ್ತ ಬರುತ್ತದೆ. ಆದರೆ ಹುಣ್ಣಿಲ್ಲದ ಕಡೆಯಲ್ಲೂ, ಅಂಗುಳಿನ ಮೇಲೂ, ಮೊಸರು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಂಡು ಉರಿ ಒಮ್ಮೆಲೇ ಹೆಚ್ಚಿದರೆ ಅದು ಕ್ಯಾಂಡಿಡಾ ಶಿಲೀಂಧ್ರವಿರಬಹುದು. ಅದಕ್ಕೆ ಬೇರೆ ಔಷಧ ಬೇಕಾಗುತ್ತದೆ, ವೈದ್ಯರಿಗೆ ತೋರಿಸಿ.

ಇನ್ನು ಅಮೃತಬಳ್ಳಿ. ಕೂಗಾಡುತ್ತಿರುವವನಿಗೆ ಧ್ವನಿವರ್ಧಕ ಕೊಡುವುದರಲ್ಲಿ ಅರ್ಥವಿಲ್ಲ. ಬಿಳಿ ರಕ್ತಕಣಗಳನ್ನು ಹೆಚ್ಚಿಸುವ ಜಿಎಂ-ಸಿಎಸ್‌ಎಫ್ ಚುಚ್ಚುಮದ್ದನ್ನೇ ತಲೆ-ಕತ್ತಿನ ಕ್ಯಾನ್ಸರಿಗೆ ವಿಕಿರಣ ಪಡೆಯುವವರಲ್ಲಿ, ನಕಲಿ ಮದ್ದಿನೊಂದಿಗೆ ಹೋಲಿಸಿ ಅಮೆರಿಕದಲ್ಲಿ ಪರೀಕ್ಷಿಸಿದಾಗ ಹುಣ್ಣಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳು ಕೋವಿಡ್ ನಂತರ ನಮ್ಮ ದೇಶದಿಂದಲೇ ಬಂದಿವೆ. ಚಿಕಿತ್ಸೆ ಮುಗಿಯುವವರೆಗೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ರಕ್ಷಣಾ ವ್ಯವಸ್ಥೆಯೇ ಹುಣ್ಣನ್ನು ದೊಡ್ಡದು ಮಾಡುತ್ತದೆಯೆಂದಾದರೆ, ಅದನ್ನು ತಗ್ಗಿಸುವ ಸ್ಟಿರಾಯ್ಡ್ ಕೊಡಬಹುದಲ್ಲವೇ? ಸ್ತನ ಕ್ಯಾನ್ಸರಿಗೆ ಎವೆರೊಲಿಮಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ನನ್ನ ಅತ್ತೆಗೆ ಬಾಯಿಹುಣ್ಣು ಬಾರದಿರಲೆಂದು ಡೆಕ್ಸಾಮೆಥಾಸೋನ್ ದ್ರಾವಣದಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದರು, ಅದು ಚೆನ್ನಾಗಿ ಕೆಲಸ ಮಾಡಿತು.

ಉತ್ತರ: ಒಳ್ಳೆಯ ಪ್ರಶ್ನೆ, ಕಿರಿಯ ವೈದ್ಯರೂ ಇದನ್ನು ಕೇಳುತ್ತಾರೆ. ಎವೆರೊಲಿಮಸ್‌ನ ಹುಣ್ಣು ನೋಟದಲ್ಲಿಯೂ ಸ್ವಭಾವದಲ್ಲಿಯೂ ಬೇರೆ. ಅದು ಸಣ್ಣ ಗುಂಡನೆಯ, ಸಾಮಾನ್ಯ ಬಾಯಿಹುಣ್ಣನ್ನು ಹೋಲುವಂಥದ್ದು. ಅಲ್ಲಿ ಸ್ಟಿರಾಯ್ಡ್ ದ್ರಾವಣದ ಉಪಯೋಗ ಸಾಬೀತಾಗಿದೆ. ವಿಕಿರಣದ ಹುಣ್ಣಿನಲ್ಲಿ ಉರಿಯೂತದ ಜೊತೆಗೆ ತಳದ ಕೋಶಗಳ ನಿಜವಾದ ನಷ್ಟವೂ ಇದೆ, ಅದನ್ನು ಸ್ಟಿರಾಯ್ಡ್ ತುಂಬಿಕೊಡಲಾರದು. ಮೇಲಾಗಿ ಜೊಲ್ಲಿಲ್ಲದ ಬಾಯಲ್ಲಿ ಶಿಲೀಂಧ್ರಕ್ಕೆ ಅದು ದಾರಿ ಮಾಡಿಕೊಡುತ್ತದೆ.

ಇನ್ನೊಂದು ಮಾತು. ಹುಣ್ಣನ್ನು ದೊಡ್ಡದು ಮಾಡುವ ಮ್ಯಾಕ್ರೋಫೇಜ್‌ಗಳ ಬಳಗವೇ ಚಿಕಿತ್ಸೆ ಮುಗಿದ ಮೇಲೆ ಸ್ವಭಾವ ಬದಲಿಸಿ, ಸತ್ತದ್ದನ್ನು ಗುಡಿಸಿ, ಅಂಚಿನಿಂದ ಹೊಸ ಕೋಶಗಳು ಹರಿದು ಬರುವಂತೆ ಸಂಕೇತ ಕಳಿಸುತ್ತದೆ. ಬೆಂಕಿ ಹಚ್ಚಿದವರೇ ಮನೆ ಕಟ್ಟಲು ಬಂದ ಹಾಗೆ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಇಡೀ ಬಳಗವನ್ನು ಹೊರಗಟ್ಟಿದರೆ ಹುಣ್ಣು ಮಾಯುವುದೂ ನಿಧಾನವಾಗುತ್ತದೆ, ಸೋಂಕೂ ಸುಲಭವಾಗುತ್ತದೆ. ಹಾಗಾಗಿ ಸಂಶೋಧಕರು ಈ ಬಳಗವನ್ನು ಅಡಗಿಸುವ ಮದ್ದಿಗಿಂತ ತಿದ್ದುವ ಮದ್ದನ್ನು ಹುಡುಕುತ್ತಿದ್ದಾರೆ. ಇದುವರೆಗಿನ ಫಲ ಅಷ್ಟಕ್ಕಷ್ಟೇ. ಜನ್ಮಜಾತ ರಕ್ಷಣಾ ವ್ಯವಸ್ಥೆಯ ಪ್ರತಿಕ್ರಿಯೆಯನ್ನು ತಿದ್ದಲು ರೂಪಿಸಿದ ಡಸ್ಕ್ವೆಟೈಡ್ ಎಂಬ ಮದ್ದು 2020ರಲ್ಲಿ ಮೂರನೆಯ ಹಂತದ ಪ್ರಯೋಗದ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಆಮ್ಲಜನಕ ಅಣುಗಳ ಹಂತದಲ್ಲಿಯೇ ತಡೆಯುವ ಅವಾಸೊಪಾಸೆಮ್‌ಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ನೀಡಲಿಲ್ಲ. ಕೈಗೆಟಕುವಂಥವುಗಳಲ್ಲಿ ಬಾಯಿ ಮುಕ್ಕಳಿಸುವ ಬೆಂಜಿಡಮೀನ್ ದ್ರಾವಣ ಟಿಎನ್‌ಎಫ್ ಮುಂತಾದವನ್ನು ಸ್ವಲ್ಪ ತಗ್ಗಿಸುತ್ತದೆ, 50 ಗ್ರೇವರೆಗಿನ ವಿಕಿರಣದಲ್ಲಿ ಹುಣ್ಣನ್ನು ತಡೆಯಲು ಅದರ ಪರವಾದ ಪುರಾವೆ ಗಟ್ಟಿಯಾಗಿದೆ. ಕಡಿಮೆ ಶಕ್ತಿಯ ಲೇಸರ್ ಬೆಳಕಿನ ಚಿಕಿತ್ಸೆಯೂ ಉಪಯುಕ್ತ, ಆದರೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಮತ್ತು ಹುಣ್ಣಾಗುವ ಮೊದಲೇ ಆರಂಭಿಸಬೇಕು.

ಪ್ರಶ್ನೆ (ಶುಶ್ರೂಷಕಿ): ವಿಕಿರಣದ ಜೊತೆಗೆ ಕೀಮೋ ಔಷಧವಾದ ಸಿಸ್‌ಪ್ಲಾಟಿನ್ ಪಡೆಯುವವರಲ್ಲಿ ಬಿಳಿ ರಕ್ತಕಣಗಳು ನಿಜವಾಗಿಯೂ ಇಳಿಯುತ್ತವಲ್ಲ, ಅವರ ವಿಷಯದಲ್ಲಿಯೂ ಇದೇ ಉತ್ತರವೇ?

ಉತ್ತರ: ಹುಣ್ಣಿನ ಹುಟ್ಟಿನ ಮಟ್ಟಿಗೆ ಇದೇ ಉತ್ತರ, ಅಪಾಯದ ಮಟ್ಟಿಗೆ ಅಲ್ಲ. ಸಿಸ್‌ಪ್ಲಾಟಿನ್ ಅದೇ ತಳದ ಕೋಶಗಳಿಗೆ ಎರಡನೆಯ ಪೆಟ್ಟು ಕೊಡುವುದರಿಂದ ಹುಣ್ಣು ಹೆಚ್ಚುತ್ತದೆ. ನ್ಯೂಟ್ರೋಫಿಲ್‌ಗಳು (ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳು) ತೀರ ಇಳಿದಾಗ ಆ ತೆರೆದ ಗಾಯ ಬ್ಯಾಕ್ಟೀರಿಯಾಗಳಿಗೆ ರಕ್ತದೊಳಕ್ಕೆ ಹೋಗುವ ಬಾಗಿಲಾಗುತ್ತದೆ. ಅಂಥವರಿಗೆ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಕರೆತರಬೇಕು. ನಿಮಗೆ ಇದು ಗೊತ್ತಿರುವುದೇ, ಗುಂಪಿನ ಉಳಿದವರಿಗಾಗಿ ಬರೆದೆ.

ಪ್ರಶ್ನೆ (ಮೊದಲು ಕೇಳಿದವರು): ವಂದನೆಗಳು, ಕಷಾಯ ನಿಲ್ಲಿಸಿದ್ದೇವೆ. ಅಂಗಡಿಯಲ್ಲಿ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದಾರೆ, ಹಾಕಿದರೆ ತಂದೆಯವರು ಉರಿ ಎನ್ನುತ್ತಾರೆ. ಹುಣ್ಣು ಆರುವವರೆಗೆ ಒಂದು ವಾರ ಕರೆಂಟ್ ನಿಲ್ಲಿಸಿ ಎಂದೂ ಕೇಳುತ್ತಿದ್ದಾರೆ.

ಉತ್ತರ: ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ನಿಜ. ಆದರೆ ಹುಣ್ಣನ್ನು ಆರಂಭಿಸುವುದು ಬ್ಯಾಕ್ಟೀರಿಯಾಗಳಲ್ಲ, ಆದ್ದರಿಂದ ವಿಕಿರಣದ ಹುಣ್ಣು ತಡೆಯಲು ಅದನ್ನು ಶಿಫಾರಸು ಮಾಡುವುದಿಲ್ಲ. ಮದ್ಯಸಾರವಿರುವ ದ್ರಾವಣವಾದರೆ ಉರಿ ಇನ್ನೂ ಹೆಚ್ಚು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ, ಎಚ್ಚರವಿದ್ದಾಗ ಎರಡು ಗಂಟೆಗೊಮ್ಮೆ ಮೆಲ್ಲಗೆ ಮುಕ್ಕಳಿಸಿ ಉಗುಳಲಿ. ಮೆತ್ತನೆಯ ಬ್ರಷ್ ಬಳಸಲಿ. ತಂಬಾಕು, ಅಡಿಕೆ, ಸುಣ್ಣ ಒಂದಿಷ್ಟೂ ಕೂಡದು. ಉಷ್ಣ, ನಂಜು ಎಂದು ಮೊಟ್ಟೆ, ಬೇಳೆ, ಹಾಲು ಬಿಡಿಸಬೇಡಿ. ಹೊಸ ಒಳಪೊರೆ ಕಟ್ಟಲು ಪ್ರೋಟೀನು ಬೇಕೇ ಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು ನೋವಿನ ಔಷಧ ಕೊಡುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ನುಂಗಲು ಆಗದೇ ಹೋಗಿ ತೂಕ ಇಳಿಯುತ್ತಿದ್ದರೆ ಮೂಗಿನ ನಳಿಕೆ ಹಾಕಿಸಿಕೊಳ್ಳಲು ಹಿಂಜರಿಯಬೇಡಿ.

ಚಿಕಿತ್ಸೆಯನ್ನು ನೀವಾಗಿ ನಿಲ್ಲಿಸಲೇಬೇಡಿ. ನಾಲ್ಕನೆಯ ವಾರದ ಆಸುಪಾಸಿನಲ್ಲಿ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳು ಬೇಗಬೇಗ ಹೆಚ್ಚತೊಡಗುತ್ತವೆ; ಬಾಯಿ ಆರಲೆಂದು ಕೊಟ್ಟ ಬಿಡುವು ಅವುಗಳಿಗೂ ಸಿಗುತ್ತದೆ. ವಿಕಿರಣ ಮುಗಿದ ಮೇಲೂ ಮೊದಲ ವಾರ ನೋವು ಹಾಗೆಯೇ ಇರಬಹುದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ, ಕೆಲವರಲ್ಲಿ ಇನ್ನೂ ತಡವಾಗಿ, ಬಾಯಿಯ ಒಳಪೊರೆ ಮರಳಿ ಬರುತ್ತದೆ. ನಾಳೆ ಹೋದಾಗ ನಾಲಿಗೆಯ ಬದಿಯನ್ನೂ ಅಂಗುಳನ್ನೂ ವೈದ್ಯರಿಗೆ ತೋರಿಸಿ, ಶಿಲೀಂಧ್ರ ಇದೆಯೇ ಎಂದು ಕೇಳಿ, ಅವರು ಏನು ಹೇಳಿದರೆಂದು ಇಲ್ಲಿ ಬರೆಯಿರಿ.