ವೈರಸ್ಸು ಒಂದೇ, ಒಂದು ಕೂಸಿಗೆ ನೆಗಡಿ, ಇನ್ನೊಂದಕ್ಕ ನ್ಯುಮೋನಿಯಾ: ಊಟದ ಪಾಲು ಎಷ್ಟು?

ಗದಗ ಸೀಮಿ (ಪ್ರಶ್ನೆ)

ನಮಸ್ಕಾರ್ರಿ. ಗದಗ ತಾಲೂಕಿನ ಅಂಗನವಾಡಿ ಮಕ್ಕಳ ಬಗ್ಗೆ ಕೇಳಾಕತ್ತೀನಿ. ಮಳಿಗಾಲ ಶುರುವಾತಂದ್ರ ಒಂದೇ ವಾರದಾಗ ಎಲ್ಲಾ ಕೂಸುಗಳಿಗೂ ನೆಗಡಿ, ಕೆಮ್ಮು. ಹೆಚ್ಚಿನವು ನಾಕೈದು ದಿನಕ್ಕ ಹೊಳ್ಳಿ ಆಡಾಕ ಬರ್ತಾವ. ತೂಕ ಕಡಿಮಿ ಇದ್ದ ಒಂದೆರಡು ಮಾತ್ರ ದವಾಖಾನಿ ಸೇರ್ತಾವ. ವೈರಸ್ಸು ಅದೇ ಇದ್ರ ಹಿಂಗ್ಯಾಕ? ಸೊರಗಿದ ಕೂಸಿಗೆ ಜ್ವರ ಇಲ್ಲಂದ್ರ ಮನ್ಯಾಗ ನೋಡ್ಕೊಂಡ್ರ ನಡೀತೈತೇನು? ಮೈ ತುಂಬಿಕೊಂಡವರಿಗೆ ಈ ಭಯ ಇಲ್ಲಂತ ತಿಳ್ಕೋಬಹುದಾ? ಔಷಧ ಅಂಗಡ್ಯಾಗ ಕೊಡೋ ಜಿಂಕ್, ವಿಟಮಿನ್ ಸಿ ಗುಳಿಗಿ ಬಗ್ಗೆನೂ ಹೇಳ್ರಿ.

ಎದೆಗೂಡು (ಉತ್ತರ)

ಎರಡನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಜ್ವರ ಇಲ್ಲ ಅಂತ ಸೊರಗಿದ ಕೂಸನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೈ ಬಿಸಿ ಏರಿಸೋದು ದೇಹಕ್ಕೆ ದೊಡ್ಡ ಖರ್ಚು. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಕ್ತಿಯ ಬೇಡಿಕೆ ಸುಮಾರು 10ರಿಂದ 13 ಶೇಕಡಾ ಹೆಚ್ಚುತ್ತದೆ. ತೀವ್ರ ಅಪೌಷ್ಟಿಕತೆ ಇರುವ ಮಗುವಿನ ಹತ್ತಿರ ಅಷ್ಟು ಗಂಟಿಲ್ಲ. ಅದಕ್ಕೇ ನ್ಯುಮೋನಿಯಾ ಆಗಿದ್ದರೂ ಜ್ವರ ಬರದಿರಬಹುದು, ಉಸಿರು ಜೋರಾಗದಿರಬಹುದು. ಸ್ನಾಯು ಸೊರಗಿರೋದರಿಂದ ಪಕ್ಕೆ ಒಳಗೆ ಸೆಳೆಯೋದೂ ಸರಿಯಾಗಿ ಕಾಣಿಸದಿರಬಹುದು. ಇಂಥ ಮಗುವಿನಲ್ಲಿ ನೋಡಬೇಕಾದ್ದು ಬೇರೆ: ಕಂಕುಳಲ್ಲಿ ಥರ್ಮಾಮೀಟರ್ 35 ಡಿಗ್ರಿಗಿಂತ ಕೆಳಗೆ ತೋರಿಸಿತೇ, ಕೂಸು ಮಂಕಾಗಿದೆಯೇ, ಹಾಲು-ಊಟ ಬಿಟ್ಟಿದೆಯೇ. ಒಂದು ಇದ್ದರೂ ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲಿ ಅವ್ವನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು, ತಲೆಗೆ ಕುಲಾವಿ ಹಾಕಿ. ಎಚ್ಚರ ಇದ್ದು ನುಂಗುವಂತಿದ್ದರೆ 50 ಎಂಎಲ್ ಸಕ್ಕರೆ ನೀರು, ಅಂದರೆ ಒಂದು ತುಂಬು ಟೀ ಚಮಚ ಸಕ್ಕರೆಯನ್ನು ಮೂರೂವರೆ ದೊಡ್ಡ ಚಮಚ ನೀರಲ್ಲಿ ಕದಡಿ ಕುಡಿಸಿ. ಇಂಥ ಮಕ್ಕಳಲ್ಲಿ ರಕ್ತದ ಸಕ್ಕರೆ ಅಂಶ (100 ಎಂಎಲ್‌ಗೆ) 54 ಮಿಗ್ರಾಂಗಿಂತ ಕೆಳಗೆ ಕುಸಿಯೋದು ಎಷ್ಟೋ ಸಲ ಮೈ ತಣ್ಣಗಾಗೋದರ ಜೊತೆಗೇ ಬರುತ್ತದೆ.

ಯಾವುದು "ಸೊರಗಿದ ಕೂಸು" ಅಂತ ಕಣ್ಣಳತೆಯಲ್ಲಿ ಹೇಳಬಾರದು. ಆರು ತಿಂಗಳಿಂದ ಐದು ವರ್ಷದವರೆಗೆ ಎಡತೋಳಿನ ಸುತ್ತಳತೆ 11.5 ಸೆಂಮೀಗಿಂತ ಕಡಿಮೆ ಇದ್ದರೆ ತೀವ್ರ, 11.5ರಿಂದ 12.5ರೊಳಗೆ ಇದ್ದರೆ ಮಧ್ಯಮ. ಮೊಣಕೈ ಮಡಚಿ, ಹೆಗಲ ತುದಿಗೂ ಮೊಣಕೈ ತುದಿಗೂ ನಡುವಿನ ಜಾಗಕ್ಕೆ ಗುರುತು ಹಾಕಿ, ಆಮೇಲೆ ಕೈ ಇಳಿಬಿಟ್ಟು ಅಳೆಯಬೇಕು. ತಪ್ಪಾಗೋದು ಇಲ್ಲೇ: ಅಂಗಿ ತೋಳಿನ ಮೇಲೆ ಅಳೆದರೆ, ಟೇಪು ಸಡಿಲ ಬಿಟ್ಟರೆ ಹೆಚ್ಚು ಬರುತ್ತದೆ, ಚರ್ಮ ಸುಕ್ಕಾಗುವಂತೆ ಜಗ್ಗಿದರೆ ಕಡಿಮೆ ಬರುತ್ತದೆ. ಎರಡೂ ಪಾದ ಒತ್ತಿದಾಗ ಗುಳಿ ಬಿದ್ದರೆ ಟೇಪು ಏನೇ ಹೇಳಲಿ, ಅದು ತೀವ್ರವೇ. ಬಾವಿನಿಂದ ತೂಕ ಚೆನ್ನಾಗಿಯೇ ಕಾಣುತ್ತದೆ, ಮೋಸ ಹೋಗಬೇಡಿ.

ಉಳಿದ ಮಕ್ಕಳಲ್ಲಿ ಉಸಿರು ಎಣಿಸಿ. ಅಳು ನಿಂತ ಮೇಲೆ, ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೋರಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಸಣ್ಣ ಮಕ್ಕಳ ಉಸಿರು ಸಮನಾಗಿ ನಡೆಯೋದಿಲ್ಲ.

ಹಿಂಗ್ಯಾಕ ಅಂದರೆ: ಊಟ ಕಡಿಮೆಯಾದ ಮಗುವಿನಲ್ಲಿ ಸೋಂಕಿನ ಜೊತೆ ಹೋರಾಡುವ ಟಿ-ಕಣಗಳು ಬೆಳೆಯುವ ಥೈಮಸ್ ಗ್ರಂಥಿ ಕುಗ್ಗುತ್ತದೆ, ಮೂಗು-ಗಂಟಲಿನ ಪೊರೆಯ ಕಾವಲು ಸಡಿಲಾಗುತ್ತದೆ. ಕೆಮ್ಮಿ ಕಫ ಹೊರಹಾಕೋದಕ್ಕೆ ಬೇಕಾದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ಪೊರೆ), ಪಕ್ಕೆಯ ಸ್ನಾಯುಗಳೂ ಸೋತಿರುತ್ತವೆ. ವೈರಸ್ಸು ದಾರಿ ಮಾಡಿಕೊಟ್ಟ ಮೇಲೆ ಬ್ಯಾಕ್ಟೀರಿಯಾ ಹಿಂದೆಯೇ ಬರುತ್ತವೆ. ನೆಗಡಿ ಹತ್ತೋದು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬೀಳೋದು ಅದು ಎದೆಗೆ ಇಳಿದ ಮೇಲೆ.

ಇನ್ನೊಂದು. "ಸಲಾಯಿನ್ ಹಚ್ರಿ" ಅಂತ ಡಾಕ್ಟರಿಗೆ ಗಂಟು ಬೀಳಬೇಡಿ. ತೀವ್ರ ಅಪೌಷ್ಟಿಕ ಮಗುವಿನ ಹೃದಯ ಆ ನೀರಿನ ಭಾರ ತಾಳದೆ ಸೋಲಬಹುದು. ಶಕ್ತಿಯ ಲೆಕ್ಕದಲ್ಲೂ ಅದು ಏನಲ್ಲ: 500 ಎಂಎಲ್ 5% ಗ್ಲೂಕೋಸ್ ಬಾಟಲಿಯಲ್ಲಿ 100 ಕ್ಯಾಲರಿಯೂ ಇಲ್ಲ, 30 ಗ್ರಾಂ ಶೇಂಗಾದಲ್ಲಿ 170 ಇದೆ.

ಉಣಕಲ್ ದಂಡಿ

ಮೈ ತುಂಬಿಕೊಂಡವರ ಬಗ್ಗೆ: ಭಯ ಇಲ್ಲ ಅನ್ನೋದು ತಪ್ಪು. 2009ರ ಎಚ್1ಎನ್1 (ಹಂದಿಜ್ವರ) ಬಂದಾಗಲೇ ಬೊಜ್ಜು ಬೇರೆಯದೇ ಅಪಾಯ ಅಂತ ಗೊತ್ತಾಯಿತು, ಕೋವಿಡ್‌ನಲ್ಲಿ ಅದೇ ಮತ್ತೆ ಕಂಡಿತು. ಹೊಟ್ಟೆಯ ಬೊಜ್ಜು ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಅಂಗಾತ ಮಲಗಿದರೆ ಶ್ವಾಸಕೋಶದ ಬುಡ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಆಮ್ಲಜನಕ ಬೇಗ ಇಳಿಯುತ್ತದೆ. ಕೊಬ್ಬಿನ ಕಣಗಳಿಂದ ಸದಾ ಸಣ್ಣಗೆ ಉರಿಯೂತವೂ ನಡೆದಿರುತ್ತದೆ. ಫ್ಲೂ ಲಸಿಕೆಯಿಂದ ಬಂದ ಪ್ರತಿಕಾಯಗಳು ಇವರಲ್ಲಿ ವರ್ಷದೊಳಗೆ ಹೆಚ್ಚು ಇಳಿಯುತ್ತವೆ. ಹಾಗಂತ ಲಸಿಕೆ ಬಿಡಬಾರದು, ಪ್ರತಿ ವರ್ಷ ತಪ್ಪದೆ ಹಾಕಿಸಬೇಕು.

ನಮ್ಮವರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರೋ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಮೀ. ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಜ್ವರದ ದಿನಗಳಲ್ಲಿ ಊಟ ಕಡಿಮೆಯಾದರೂ ಸಕ್ಕರೆ ಏರಬಹುದು. ಕೆಮ್ಮಿಗೆಂದು ಅಂಗಡಿಯಿಂದ ತಾವೇ ಸ್ಟೀರಾಯ್ಡ್ ತಂದು ನುಂಗಿದರೆ ಇನ್ನಷ್ಟು. 2021ರ ಕಪ್ಪು ಶಿಲೀಂಧ್ರದ ಹಿಂದೆ ಹೆಚ್ಚಾಗಿ ಇದ್ದದ್ದು ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಈ ಎರಡರ ಜೋಡಿ. ದಪ್ಪ ಇದ್ದವರನ್ನು "ಒಂದು ವಾರ ಉಪವಾಸ ಇದ್ದರೆ ಒಳ್ಳೇದೇ" ಅಂತ ಬಿಡಬೇಡಿ. ಕಾಯಿಲೆಯಲ್ಲಿ ಕರಗೋದು ಸ್ನಾಯು, ಬೊಜ್ಜು ಹೊರಗೆ ಹಾಗೇ ಕಾಣುತ್ತಿರುತ್ತದೆ.

ಗದಗ ಸೀಮಿ

ಛಲೋ ಆತ್ರಿ. ವಯಸ್ಸಾದವರದ್ದೂ ಒಂದು ಮಾತು ಹೇಳಿಬಿಡ್ರಿ. ಎಪ್ಪತ್ತು ದಾಟಿದ, 45 ಕಿಲೋ ತೂಕದ ಆಯಿಗೆ ಕೆಮ್ಮು ಬಂದ್ರ ಬರೇ ಗಂಜಿ ಕೊಡ್ತಾರ. ಹಲ್ಲಿಲ್ಲ, ತತ್ತಿ ತಿನ್ನೂದಿಲ್ಲ.

ಪುಠಾಣಿ

ಗಂಜಿ ನೀರಿಗೆ ಆಯ್ತೇ ಹೊರತು ಊಟಕ್ಕಲ್ಲ. 20 ಗ್ರಾಂ ಅಕ್ಕಿಯ ಗಂಜಿಯಲ್ಲಿ ಪ್ರೋಟೀನು ಒಂದೂವರೆ ಗ್ರಾಂ. ಕಾಯಿಲೆ ಬಿದ್ದ ವೃದ್ಧರಿಗೆ ಬೇಕಾದದ್ದು ಕಿಲೋಗೆ 1.2ರಿಂದ 1.5 ಗ್ರಾಂ, ಅಂದರೆ ಆಯಿಗೆ ದಿನಕ್ಕೆ 54ರಿಂದ 67. ತತ್ತಿ ಇಲ್ಲದೆಯೂ ಆಗುತ್ತದೆ: ಹಾಲು ಎರಡು ಹೊತ್ತು 200 ಎಂಎಲ್‌ನಂತೆ (12 ಗ್ರಾಂ), 50 ಗ್ರಾಂ ಹೆಸರುಬೇಳೆಯ ಮೆತ್ತನೆ ಕಟ್ಟು (12), 100 ಗ್ರಾಂ ಜೋಳ, ನುಚ್ಚು ಮಾಡಿಯೋ ರೊಟ್ಟಿಯನ್ನು ಹಾಲಲ್ಲಿ ಮುರಿದು ನೆನೆಸಿಯೋ (10), 200 ಗ್ರಾಂ ಮೊಸರು (6), 30 ಗ್ರಾಂ ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ (7), 30 ಗ್ರಾಂ ಪುಠಾಣಿ ಅಂದರೆ ಹುರಿಗಡಲೆ ಹಿಟ್ಟು ಬೆಲ್ಲ ಕಲಸಿ (6). ಮೂರು ಹೊತ್ತಿನ ಬದಲು ಆರು ಸಲ ಕೊಡಿ. ಊಟದ ಮುಂಚೆ ತಂಬಿಗೆಗಟ್ಟಲೆ ನೀರು ಕುಡಿಸಿ ಹೊಟ್ಟೆ ತುಂಬಿಸಬೇಡಿ. ಕೂರಿಸಿಯೇ ಉಣಿಸಿ, ಮಲಗಿಸಿ ಉಣಿಸಿದರೆ ನೆತ್ತಿಗೇರಿ ಅದೇ ನ್ಯುಮೋನಿಯಾ ಆದೀತು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ, ಡಾಕ್ಟರನ್ನು ಕೇಳಿ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ತುಂಬಾ ಉಣಿಸಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ಕೆಡಬಹುದು. ಅಂಥವರಿಗೆ ಆಸ್ಪತ್ರೆಯ ಕಣ್ಗಾವಲಿನಲ್ಲಿ ಅರ್ಧದಿಂದ ಶುರುಮಾಡಿ ಏರಿಸುತ್ತಾರೆ.

ಗುಳಿಗೆ: ವಿಟಮಿನ್ ಸಿ ದಿನಾ ತಗೊಳ್ಳುವವರಿಗೆ ನೆಗಡಿಯ ದಿನಗಳು ದೊಡ್ಡವರಲ್ಲಿ ಸುಮಾರು 8, ಮಕ್ಕಳಲ್ಲಿ 14 ಶೇಕಡಾ ಕಡಿಮೆ. ನೆಗಡಿ ಶುರುವಾದ ಮೇಲೆ ನುಂಗಿದರೆ ಹೇಳಿಕೊಳ್ಳುವ ಲಾಭ ಇಲ್ಲ. ಜಿಂಕ್ ಭೇದಿಗೆ 14 ದಿನ ಕೊಡೋದು ಸರಿ. ಕೆಮ್ಮಿಗೆಂದು ತಿಂಗಳುಗಟ್ಟಲೆ ಹೆಚ್ಚು ಪ್ರಮಾಣ ನುಂಗಿದರೆ ತಾಮ್ರದ ಕೊರತೆ ಬರುತ್ತದೆ. ವಿಟಮಿನ್ ಎ ಮಾತ್ರ ಬಿಡಬೇಡಿ: ತಾಯಿ ಕಾರ್ಡ್ ತೆಗೆದು ನೋಡಿ, 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ, ಒಟ್ಟು 9 ಸಲ. ದಡಾರದಲ್ಲಿ ಇದು ಸಾವು ತಪ್ಪಿಸುತ್ತದೆ, ಮಾಮೂಲಿ ನೆಗಡಿಗೆ ಔಷಧ ಅಲ್ಲ.

ಉಣಕಲ್ ದಂಡಿ

ವಿಟಮಿನ್ ಡಿ ಬಿಟ್ಟಿರಿ. 2017ರ ದೊಡ್ಡ ವಿಶ್ಲೇಷಣೆಯಲ್ಲಿ ಲಾಭ ಕಂಡದ್ದು ಮೊದಲೇ ತೀರಾ ಕೊರತೆ ಇದ್ದು, ದಿನಾ ಅಥವಾ ವಾರಕ್ಕೊಮ್ಮೆ ಸಣ್ಣ ಪ್ರಮಾಣ ತಗೊಂಡವರಲ್ಲಿ. ಒಮ್ಮೆಲೇ ದೊಡ್ಡ ಡೋಸ್ ಕೊಟ್ಟವರಲ್ಲಿ ಇಲ್ಲ. ಇನ್ನೊಂದು ವಿಚಿತ್ರ: ಮೆಲಿಂಡಾ ಬೆಕ್ ತಂಡ ಸೆಲೆನಿಯಂ ಇಲ್ಲದ ಮೇವು ತಿಂದ ಇಲಿಗಳಿಗೆ ಸೌಮ್ಯ ಫ್ಲೂ ವೈರಸ್ಸು ಹಾಕಿದಾಗ ವೈರಸ್ಸೇ ರೂಪಾಂತರಗೊಂಡು ಜೋರಾಯಿತು (2001). ಇಲಿಯ ಮಾತು, ಸೆಲೆನಿಯಂ ಗುಳಿಗೆ ಹುಡುಕಿಕೊಂಡು ಹೋಗಬೇಡಿ.

ಎದೆಗೂಡು

ಕಬ್ಬಿಣದ ಸಿರಪ್ಪು ಕೇಳುವವರಿಗೆ: ತೀವ್ರ ಅಪೌಷ್ಟಿಕ ಮಗುವಿಗೆ ಸೋಂಕಿನ ಮೊದಲ ದಿನಗಳಲ್ಲಿ ಕೊಡೋದಿಲ್ಲ. ಹಸಿವು ಮರಳಿ, ತೂಕ ಏರತೊಡಗಿದ ಮೇಲೆ. ಥಂಡಿ ಅಂತ ಮೊಸರು, ಬಾಳೆಹಣ್ಣು ನಿಲ್ಲಿಸಬೇಡಿ. ಎದೆಹಾಲು ಹೆಚ್ಚು ಸಲ ಕೊಡಿ, ಕೊಡುವ ಮುಂಚೆ ಉಪ್ಪುನೀರಿನ ಹನಿ ಹಾಕಿ ಮೂಗು ಬಿಡಿಸಿ, ಕಟ್ಟಿದ ಮೂಗಲ್ಲಿ ಕೂಸು ಚೀಪೋದಿಲ್ಲ. ವರ್ಷದೊಳಗಿನ ಮಕ್ಕಳಿಗೆ ಜೇನುತುಪ್ಪ ನೆಕ್ಕಿಸಬೇಡಿ. ಕೆಮ್ಮು ಹೋದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಟ್ಟು ಮತ್ತೆ ತೂಗಿ. ತೂಕ ಮೊದಲಿನದಕ್ಕೆ ಬರದಿದ್ದರೆ, ತೋಳು 11.5ರ ಕೆಳಗೇ ಇದ್ದರೆ, ಜಿಲ್ಲಾಸ್ಪತ್ರೆಯ ಎನ್‌ಆರ್‌ಸಿಗೆ (ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ) ಕಳಿಸಿ.